ಪ್ರಶ್ನೋತ್ತರ: ‘ಬಿದ್ದೆ’ ಎನ್ನುತ್ತಿದ್ದ ಮಗು ‘ಬೀಳಿದೆ’ ಎಂದಾಗ

ಮಕ್ಕಳು ಮಾತು ಕಲಿಯುವ ಬಗೆ ಮತ್ತು ಭಾಷೆ ಬದಲಾಗುವ ಬಗೆಯನ್ನು ಕುರಿತು ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಆರನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಒಂದೇ ವಿಷಯವನ್ನು ಹಲವರು ಕೇಳಿರುವಲ್ಲಿ ಪತ್ರಗಳನ್ನು ಕೂಡಿಸಿ ಒಂದು ಪ್ರಶ್ನೆಯಾಗಿ ಕೊಟ್ಟಿದೆ.

ನನ್ನ ಮಗಳು ಎರಡು ವರ್ಷ ತುಂಬಿದ ಸುಮಾರಿಗೆ ‘ಬಿದ್ದೆ’, ‘ಕೊಟ್ಟೆ’, ‘ತಿಂದೆ’ ಎಂದು ಸರಿಯಾಗಿಯೇ ಹೇಳುತ್ತಿದ್ದಳು. ಮೂರು ದಾಟಿದ ಮೇಲೆ ‘ಬೀಳಿದೆ’, ‘ಕೊಡಿದೆ’ ಎನ್ನತೊಡಗಿದ್ದಾಳೆ. ಮನೆಯಲ್ಲಿ ಯಾರೂ ಹಾಗೆ ಆಡುವುದಿಲ್ಲ, ತಿದ್ದಿದರೂ ಪ್ರಯೋಜನವಿಲ್ಲ. ಇದು ಹಿನ್ನಡೆಯೇ?
— ತಾಯಿಯೊಬ್ಬರು, ತುಮಕೂರು

ಅಲ್ಲ. ಮನೆಯಲ್ಲಿ ಯಾರೂ ಹಾಗೆ ಆಡುವುದಿಲ್ಲ ಎಂದು ನೀವೇ ಬರೆದಿದ್ದೀರಿ. ಹಾಗಿದ್ದಲ್ಲಿ ಆ ರೂಪವನ್ನು ನಿಮ್ಮ ಮಗಳು ಯಾರಿಂದಲೂ ಕೇಳಿ ಕಲಿತದ್ದಲ್ಲ, ತಾನೇ ಕಟ್ಟಿದ್ದು. ಮೊದಲು ಅವಳು ‘ಬಿದ್ದೆ’ಯನ್ನು ಒಂದು ಇಡಿಯಾದ ಪದವಾಗಿ, ‘ಬೀಳು’ ಎಂಬುದರೊಂದಿಗೆ ಅದಕ್ಕಿರುವ ನಂಟನ್ನು ಗಮನಿಸದೆ ಬಳಸುತ್ತಿದ್ದಳು. ಈ ನಡುವೆ ಮಾಡಿದೆ, ಓಡಿದೆ, ನೋಡಿದೆ, ಹಾಡಿದೆ ಎಂಬ ನೂರಾರು ರೂಪಗಳನ್ನು ಕೇಳಿ, ನಡೆದುಹೋದ ಕೆಲಸವನ್ನು ಹೇಳಬೇಕಾದರೆ ಧಾತುವಿಗೆ ‘ಇದ’ ಹತ್ತಿಸಬೇಕು ಎಂಬ ನಿಯಮವನ್ನು ಕಂಡುಕೊಂಡಿದ್ದಾಳೆ. ಹೊಸದಾಗಿ ಸಿಕ್ಕ ನಿಯಮವನ್ನು ಎಲ್ಲ ಧಾತುಗಳ ಮೇಲೂ ಹೂಡಿ ನೋಡುತ್ತಿದ್ದಾಳೆ, ಅಷ್ಟೆ. ಮೊದಲು ಸರಿ, ನಡುವೆ ತಪ್ಪು, ಮತ್ತೆ ಸರಿ ಎಂಬ ಈ ಏರಿಳಿತ ಬೇರೆ ಭಾಷೆಗಳ ಮಕ್ಕಳಲ್ಲಿಯೂ ಚೆನ್ನಾಗಿ ದಾಖಲಾಗಿದೆ.

ಅಮೆರಿಕದ ಜೀನ್ ಬರ್ಕೊ 1958ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಸೊಗಸಾದ ಪುರಾವೆ. ಹಕ್ಕಿಯಂಥ ಒಂದು ಚಿತ್ರವನ್ನು ಮಕ್ಕಳಿಗೆ ತೋರಿಸಿ, ಅದಕ್ಕೆ ‘ವಗ್’ ಎಂಬ, ಇಂಗ್ಲಿಷಿನಲ್ಲಿ ಇಲ್ಲದ ಹೆಸರು ಕೊಟ್ಟು, ಅಂಥವು ಎರಡಾದರೆ ಏನೆನ್ನುತ್ತೀರಿ ಎಂದು ಆಕೆ ಕೇಳಿದರು. ನಾಲ್ಕೈದು ವರ್ಷದ ಮಕ್ಕಳಲ್ಲಿ ಹೆಚ್ಚಿನವರು ತಡೆಯಿಲ್ಲದೆ ‘ವಗ್ಸ್’ ಎಂದರು. ಎಂದೂ ಕೇಳಿರದ ಪದದ ಬಹುವಚನವನ್ನು ಅನುಕರಣೆಯಿಂದ ಹೇಳಲು ಬರುವುದಿಲ್ಲ. ನಿಮ್ಮ ಮಗಳೆದುರು ‘ಗೂಟಾಡು’ ಎಂಬ ಹುಸಿ ಧಾತುವನ್ನು ಇಟ್ಟು ನೋಡಿ, ‘ಗೂಟಾಡಿದೆ’ ಎಂಬ ರೂಪ ಬಂದೀತು.

ತಿದ್ದುವ ಮಾತಿಗೆ ಬಂದರೆ, ಅದರಿಂದ ಹೆಚ್ಚಿನ ಫಲ ನಿರೀಕ್ಷಿಸಬೇಡಿ. ರೋಜರ್ ಬ್ರೌನ್ ಮತ್ತು ಕೆಮಿಲ್ ಹ್ಯಾನ್ಲನ್ 1970ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಂದೆತಾಯಿಯರು ಮೆಚ್ಚುವುದು ಅಥವಾ ತಿದ್ದುವುದು ಮಗುವಿನ ವ್ಯಾಕರಣವನ್ನಲ್ಲ, ಹೆಚ್ಚಾಗಿ ಅದು ಹೇಳಿದ ಮಾತಿನ ಸತ್ಯಾಸತ್ಯವನ್ನು ಎಂದು ಕಂಡುಬಂದಿತು. ಆದರೂ ಮಕ್ಕಳು ಸರಿಯಾದ ವ್ಯಾಕರಣಕ್ಕೇ ಬಂದು ಸೇರುತ್ತಾರೆ. ‘ಹೌದಾ, ಬಿದ್ದೆಯಾ?’ ಎಂದು ನಿಮ್ಮ ಮಾತಿನಲ್ಲಿ ಸರಿಯಾದ ರೂಪವನ್ನು ಕೇಳಿಸಿದರೆ ಸಾಕು.

ಇನ್ನೊಂದು ಮಾತು. ‘ಬಿದ್ದು’ ಎಂಬ ರೂಪ ಒಂದು ಕಾಲಕ್ಕೆ ಇಷ್ಟು ವಕ್ರವಾಗಿರಲಿಲ್ಲ. ಹಳಗನ್ನಡದ ‘ಬೀೞ್’ ಧಾತುವಿಗೆ ‘ದು’ ಸೇರಿ ‘ಬಿೞ್ದು’ ಆಗುತ್ತಿತ್ತು. ಧಾತು ಯಾವುದು, ಪ್ರತ್ಯಯ ಯಾವುದು ಎಂದು ಕೇಳಿದವರಿಗೆ ತಿಳಿಯುವಂತಿತ್ತು. ಮುಂದೆ ಅದು ‘ಬಿರ್ದು’, ‘ಬಿದ್ದು’ ಎಂದು ಸವೆಯಿತು. ಇಂದು ನಿಮ್ಮ ಮಗಳಿಗೆ ತೊಡಕಾಗಿರುವುದು ಉಚ್ಚಾರಣೆಯ ಆ ಸವೆತ.

ಬಿ.ಎಡ್. ಪಠ್ಯದಲ್ಲಿ ಸ್ಕಿನ್ನರ್, ಚಾಮ್‌ಸ್ಕಿ, ಪಿಯಾಜೆ, ವಿಗೋಟ್‌ಸ್ಕಿ ಎಂದು ಸಾಲಾಗಿ ಸಿದ್ಧಾಂತಗಳನ್ನು ಕೊಟ್ಟಿದ್ದಾರೆ. ಪರೀಕ್ಷೆಗೆ ಬರೆಯುತ್ತೇವೆ, ಆದರೆ ಯಾವುದು ಸರಿ? ಭಾಷೆ ಹುಟ್ಟಿನಿಂದಲೇ ಬರುತ್ತದೆಯೇ, ಕಲಿತು ಬರುತ್ತದೆಯೇ?
— ವಿದ್ಯಾರ್ಥಿನಿ, ಶಿವಮೊಗ್ಗ

ನಾಲ್ವರ ಹೆಸರನ್ನೂ ಒಂದೇ ಪ್ರಶ್ನೆಗೆ ಕೊಟ್ಟ ನಾಲ್ಕು ಉತ್ತರಗಳಂತೆ ಪಠ್ಯಗಳು ಜೋಡಿಸುತ್ತವೆ. ಇದು ಸರಿಯಲ್ಲ. ಪಿಯಾಜೆ ಕೇಳಿದ್ದು ಮಗುವಿನ ಒಟ್ಟು ಬುದ್ಧಿಯ ಬೆಳವಣಿಗೆ ಹೇಗೆ ಎಂದು; ವಿಗೋಟ್‌ಸ್ಕಿಗೆ ಮುಖ್ಯವಾಗಿದ್ದುದು ಇತರರೊಡನೆ ಆಡುವ ಮಾತು ಒಳಗಿನ ಆಲೋಚನೆಯಾಗಿ ಮಾರ್ಪಡುವ ಬಗೆ. ವ್ಯಾಕರಣ ಎಲ್ಲಿಂದ ಬರುತ್ತದೆ ಎಂಬ ನಿಮ್ಮ ಪ್ರಶ್ನೆಯ ಜಗಳ ನಡೆದದ್ದು ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಮತ್ತು ಭಾಷಾವಿಜ್ಞಾನಿ ಚಾಮ್‌ಸ್ಕಿ ನಡುವೆ.

ಸ್ಕಿನ್ನರ್ 1957ರಲ್ಲಿ ಮಾತನ್ನು ಒಂದು ವರ್ತನೆಯೆಂದು ವಿವರಿಸಿ, ಪ್ರಚೋದನೆ ಮತ್ತು ಬಹುಮಾನಗಳಿಂದ ಅದು ರೂಪುಗೊಳ್ಳುತ್ತದೆ ಎಂದರು. ಚಾಮ್‌ಸ್ಕಿ 1959ರಲ್ಲಿ ಬರೆದ ವಿಮರ್ಶೆಯಲ್ಲಿ ಆ ವಾದದ ಪ್ರತಿಯೊಂದು ಪರಿಭಾಷೆಯನ್ನೂ ಹಿಡಿದು ಪ್ರಶ್ನಿಸಿದರು. ಹಿಂದೆಂದೂ ಕೇಳಿರದ ವಾಕ್ಯವನ್ನು ಮನುಷ್ಯ ಹೇಳಬಲ್ಲ, ಅರ್ಥಮಾಡಿಕೊಳ್ಳಬಲ್ಲ. ಮಗುವಿನ ಕಿವಿಗೆ ಬೀಳುವ ಅರೆಬರೆ ಮಾತುಗಳಷ್ಟರಿಂದಲೇ ಅಷ್ಟು ಸಂಕೀರ್ಣವಾದ ವ್ಯವಸ್ಥೆಯನ್ನು ಊಹಿಸಲು ಬರುವುದಿಲ್ಲ. ಆದ್ದರಿಂದ ಎಲ್ಲ ಭಾಷೆಗಳಿಗೂ ಸಮಾನವಾದ ಒಂದು ಚೌಕಟ್ಟನ್ನು, ಅಂದರೆ ಸಾರ್ವತ್ರಿಕ ವ್ಯಾಕರಣವನ್ನು, ಮಗು ಹುಟ್ಟುವಾಗಲೇ ಹೊತ್ತು ತರುತ್ತದೆ ಎಂಬ ವಾದವನ್ನು ಚಾಮ್‌ಸ್ಕಿ ಮುಂದೆ ಬೆಳೆಸಿದರು.

ಈ ವಾದದಲ್ಲಿ ಕನ್ನಡದ ಮಕ್ಕಳೂ ಸಾಕ್ಷಿ ನುಡಿದಿದ್ದಾರೆ ಎಂಬುದು ನಮ್ಮ ಪಠ್ಯಗಳಲ್ಲಿ ಏಕೋ ಕಾಣಿಸುವುದಿಲ್ಲ. ‘ರಾಮು ಎರಡು ಹಕ್ಕಿ ಹಿಡಿಯಲಿಲ್ಲ’ ಎಂಬ ವಾಕ್ಯವನ್ನು ತೆಗೆದುಕೊಳ್ಳಿ. ಹಿಡಿದ ಹಕ್ಕಿಗಳು ಎರಡಾಗಲಿಲ್ಲ ಎಂಬುದು ಇದರ ಒಂದು ಅರ್ಥ. ಅವನ ಕೈಗೆ ಸಿಗದೆ ಉಳಿದ ಹಕ್ಕಿಗಳು ಎರಡಿವೆ ಎಂಬುದು ಇನ್ನೊಂದು. ಇಂಥ ಇಂಗ್ಲಿಷ್ ವಾಕ್ಯಗಳಲ್ಲಿ ನಾಲ್ಕು ವರ್ಷದ ಮಕ್ಕಳು ಮೊದಲ ಅರ್ಥಕ್ಕೇ ಅಂಟಿಕೊಳ್ಳುತ್ತಾರೆ. ಇಂಗ್ಲಿಷಿನಲ್ಲಿ ನಿಷೇಧದ ಪದ ‘ಎರಡು’ ಎಂಬುದಕ್ಕಿಂತ ಮೊದಲು ಬರುವುದರಿಂದ, ಮಕ್ಕಳು ಕೇಳಿದ ಕ್ರಮದಲ್ಲೇ ಅರ್ಥ ಕಟ್ಟುತ್ತಾರೆ ಎಂದು ಹೇಳಿಬಿಡಬಹುದಾಗಿತ್ತು. ಆದರೆ ಕನ್ನಡದಲ್ಲಿ ‘ಇಲ್ಲ’ ಬರುವುದು ವಾಕ್ಯದ ಕೊನೆಗೆ. ಜೆಫ್ರಿ ಲಿಡ್ಜ್ ಮತ್ತು ಜೂಲಿಯನ್ ಮುಸೊಲಿನೊ ಕನ್ನಡದ ಮಕ್ಕಳಿಗೂ ಇಂಥ ವಾಕ್ಯಗಳನ್ನೇ ಕೇಳಿಸಿ 2002ರಲ್ಲಿ ಪ್ರಕಟಿಸಿದ ಫಲಿತಾಂಶವೆಂದರೆ, ಅವರೂ ಮೊದಲ ಅರ್ಥವನ್ನೇ ಹಿಡಿದರು. ಕಿವಿಗೆ ಬಿದ್ದ ಪದಗಳ ಸಾಲು ಬೇರೆ, ಆ ಪದಗಳು ಒಂದರೊಳಗೊಂದು ಸೇರಿ ಆಗುವ ರಚನೆ ಬೇರೆ. ನಾಲ್ಕು ವರ್ಷಕ್ಕೇ ಮಕ್ಕಳು ಎರಡನೆಯದನ್ನು ಆಧರಿಸುತ್ತಾರೆ.

ಮರುವರ್ಷ ಲಿಡ್ಜ್ ಅವರು ಹೆನ್ರಿ ಗ್ಲೈಟ್‌ಮನ್ ಮತ್ತು ಲೈಲಾ ಗ್ಲೈಟ್‌ಮನ್ ಅವರೊಂದಿಗೆ ಪ್ರಕಟಿಸಿದ ಇನ್ನೊಂದು ಅಧ್ಯಯನ ನಮ್ಮ ‘ಇಸು’ ಪ್ರತ್ಯಯವನ್ನು ಕುರಿತದ್ದು. ಏರು–ಏರಿಸು, ಕರಗು–ಕರಗಿಸು ಎಂಬಲ್ಲಿ ‘ಇಸು’ ಬಂದರೆ ಯಾರೋ ಮಾಡಿಸಿದರು ಎಂದೇ ಅರ್ಥ. ಕನ್ನಡದಲ್ಲಿ ಕರ್ತೃ ಕರ್ಮಗಳನ್ನು ಬಿಟ್ಟು ‘ಏರಿಸಿದ’ ಎಂದಷ್ಟೇ ಹೇಳಲು ಬರುವುದರಿಂದ, ವಾಕ್ಯದಲ್ಲಿ ಎಷ್ಟು ನಾಮಪದಗಳಿವೆ ಎಂಬುದಕ್ಕಿಂತ ‘ಇಸು’ ಹೆಚ್ಚು ನೆಚ್ಚಬಹುದಾದ ಸುಳಿವು. ಕೇಳಿದ್ದರ ಲೆಕ್ಕದಿಂದ ಮಾತ್ರ ಮಗು ಕಲಿಯುವುದಾದರೆ ಅದು ‘ಇಸು’ವನ್ನೇ ಹಿಡಿಯಬೇಕು. ವಾಕ್ಯ ಕೇಳಿ ಆಟದ ಪ್ರಾಣಿಗಳಿಂದ ಅದನ್ನು ಆಡಿ ತೋರಿಸುವಂತೆ ಹೇಳಿದಾಗ, ಮೂರು ವರ್ಷದ ಮಕ್ಕಳು ‘ಇಸು’ ಇದೆಯೋ ಇಲ್ಲವೋ ನೋಡದೆ ನಾಮಪದಗಳ ಸಂಖ್ಯೆಯನ್ನೇ ನಂಬಿದರು. ಎರಡು ನಾಮಪದ ಇದ್ದರೆ ಒಂದು ಇನ್ನೊಂದಕ್ಕೆ ಏನನ್ನೋ ಮಾಡಿತು, ಒಂದೇ ಇದ್ದರೆ ಅದು ತಾನೇ ಏನೋ ಮಾಡಿತು. ದೊಡ್ಡವರು ಎರಡು ಸುಳಿವುಗಳನ್ನೂ ಬಳಸಿದರು. ಈ ನಿರೀಕ್ಷೆಯನ್ನು ಮಗು ತಾನೇ ತಂದದ್ದು ಎಂಬುದು ಸಂಶೋಧಕರ ತೀರ್ಮಾನ.

ಹಾಗಾದರೆ ಚಾಮ್‌ಸ್ಕಿ ಗೆದ್ದರೇ? ಅಷ್ಟು ಸಲೀಸಲ್ಲ. 1996ರಲ್ಲಿ ಜೆನ್ನಿ ಸ್ಯಾಫ್ರನ್ ಮತ್ತು ಸಂಗಡಿಗರು ಎಂಟು ತಿಂಗಳ ಕೂಸುಗಳಿಗೆ ನಡುವೆ ವಿರಾಮವೇ ಇಲ್ಲದ ಹುಸಿ ಪದಗಳ ಧಾರೆಯನ್ನು ಎರಡು ನಿಮಿಷ ಕೇಳಿಸಿದರು. ಯಾವ ಅಕ್ಷರದ ಹಿಂದೆ ಯಾವುದು ಮತ್ತೆಮತ್ತೆ ಬರುತ್ತದೆ ಎಂಬುದರಿಂದಲೇ ಕೂಸುಗಳು ಪದಗಳ ಗಡಿಯನ್ನು ಗುರುತಿಸಿದವು. ಕೇಳಿದ್ದರಿಂದ ಇಷ್ಟು ಕಲಿಯಬಹುದೆಂದು ಅಲ್ಲಿಯವರೆಗೆ ಅನೇಕರು ಎಣಿಸಿರಲಿಲ್ಲ. ಮೈಕೆಲ್ ಟೊಮಾಸೆಲೊ ಹೇಳುವುದು, ಎದುರಿರುವವರ ಉದ್ದೇಶವನ್ನು ಅರಿಯುವ ಮತ್ತು ಮಾದರಿಗಳನ್ನು ಹುಡುಕುವ ಸಾಮಾನ್ಯ ಶಕ್ತಿಗಳೇ ಭಾಷೆಗೂ ಸಾಕು ಎಂದು. ಮಗು ಮೊದಲು ‘ಹಾಲು ಬೇಕು’, ‘ಚೆಂಡು ಬೇಕು’ ಎಂದು ಒಂದೊಂದೇ ಪದದ ಸುತ್ತ ಚಿಕ್ಕ ಚೌಕಟ್ಟುಗಳನ್ನು ಮಾಡಿಕೊಂಡು, ಬಹಳ ತಡವಾಗಿ ಅವನ್ನು ಬೆಸೆದು ವ್ಯಾಕರಣ ಮಾಡುತ್ತದೆ ಎಂಬ ಈ ವಿವರಣೆ ಮಕ್ಕಳಿರುವ ಮನೆಗಳಲ್ಲಿ ಕೇಳಿಬರುವ ಮಾತಿಗೆ ಚೆನ್ನಾಗಿ ಹೊಂದುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಬಹುಮಾನದಿಂದ ಮಾತು ಬರುತ್ತದೆ ಎಂಬ ವಾದ ಮುಗಿದುಹೋದದ್ದು. ಮಗು ಏನನ್ನೋ ತರುತ್ತದೆ ಎಂಬುದನ್ನು ಈಗ ಯಾರೂ ಅಲ್ಲಗಳೆಯುವುದಿಲ್ಲ. ತರುವುದು ವ್ಯಾಕರಣವನ್ನೋ, ಮಾಡುವವನು ಮತ್ತು ಮಾಡಿಸಿಕೊಳ್ಳುವವನು ಎಂಬ ಲೋಕಜ್ಞಾನವನ್ನೋ ಎಂಬುದರ ಮೇಲೆ ಜಗಳ ನಿಂತಿದೆ. ‘ಇಸು’ ಪ್ರಯೋಗವನ್ನು ಎರಡನೆಯ ಬಗೆಯಲ್ಲಿಯೂ ಓದಬಹುದು, ‘ಎರಡು ಹಕ್ಕಿ’ಯ ಪ್ರಯೋಗವನ್ನು ಹಾಗೆ ಓದುವುದು ಕಷ್ಟ. ಇತ್ತೀಚೆಗೆ ಕಂಪ್ಯೂಟರ್ ಮಾದರಿಗಳು ಬರಿಯ ಪಠ್ಯ ಓದಿ ಸರಾಗವಾಗಿ ಬರೆಯುವುದನ್ನು ತೋರಿಸಿ ಚಾಮ್‌ಸ್ಕಿ ಸೋತರು ಎನ್ನುವವರಿದ್ದಾರೆ. ದೊಡ್ಡ ಮಾದರಿಗಳಿಗೆ ಉಣಿಸುವ ಪಠ್ಯ ಮಗು ಹತ್ತು ವರ್ಷದಲ್ಲಿ ಕೇಳುವ ಮಾತಿನ ಸಾವಿರಾರು ಪಟ್ಟು. ಮಗು ಅಷ್ಟು ಕಡಿಮೆ ಮಾತಿನಿಂದ ಹೇಗೆ ಕಲಿಯುತ್ತದೆ ಎಂಬ ಮೂಲ ಪ್ರಶ್ನೆಯನ್ನು ಅವು ಮುಟ್ಟುವುದೇ ಇಲ್ಲ.

ಪರೀಕ್ಷೆಯಲ್ಲಿ ಮಾತ್ರ ಪಠ್ಯದಲ್ಲಿರುವಂತೆಯೇ ಬರೆಯಿರಿ.

ನಮ್ಮ ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಎರಡೂವರೆ ವರ್ಷದ ಮಗ ಮೂರನ್ನೂ ಬೆರೆಸುತ್ತಾನೆ. ಒಂದನ್ನು ಬಿಡಿಸಬೇಕೆ?
— ತಂದೆಯೊಬ್ಬರು, ಮಂಗಳೂರು

ಬಿಡಿಸಬೇಡಿ. ಬೆರೆಸುವುದು ಗೊಂದಲದ ಗುರುತಲ್ಲ. ಬೇಕಾದ ಪದ ಒಂದು ಭಾಷೆಯಲ್ಲಿ ಇನ್ನೂ ಸಿಕ್ಕಿರದಿದ್ದರೆ ಮಗು ಇನ್ನೊಂದರಿಂದ ತರುತ್ತದೆ, ಮತ್ತು ನಿಮ್ಮೂರಿನ ದೊಡ್ಡವರೂ ಬೆರೆಸಿಯೇ ಆಡುತ್ತಾರೆ. ಒಂದೊಂದೇ ಭಾಷೆಯ ಪದಗಳನ್ನು ಎಣಿಸಿದರೆ ಕಡಿಮೆ ಎನಿಸಬಹುದು. ಮೂರನ್ನೂ ಕೂಡಿಸಿ ಎಣಿಸಿ. ಯಾರೊಡನೆ ಯಾವ ಭಾಷೆ ಆಡಬೇಕೆಂಬುದನ್ನು ಇಂಥ ಮಕ್ಕಳು ಎರಡು ವರ್ಷದ ಹೊತ್ತಿಗೇ ಅರಿತಿರುತ್ತಾರೆ. ಫ್ರಾನ್ಸಿನ ಜೂಲ್ ರೊಂಜಾ ತನ್ನ ಮಗನಿಗೆ ತಂದೆ ಫ್ರೆಂಚನ್ನು, ತಾಯಿ ಜರ್ಮನನ್ನು ಮಾತ್ರ ಆಡಬೇಕೆಂಬ ಕಟ್ಟುಪಾಡು ಇಟ್ಟುಕೊಂಡು 1913ರಲ್ಲಿ ಅದರ ವರದಿ ಪ್ರಕಟಿಸಿದಂದಿನಿಂದ ‘ಒಬ್ಬರಿಗೆ ಒಂದೇ ಭಾಷೆ’ ಎಂಬ ಸಲಹೆ ಜಗತ್ತಿನಲ್ಲೆಲ್ಲ ಹಬ್ಬಿದೆ. ಕರಾವಳಿಯ ಮನೆಗಳು ಅದನ್ನು ಪಾಲಿಸದೆಯೇ ತಲೆಮಾರುಗಳಿಂದ ಮೂರು ನಾಲ್ಕು ಭಾಷೆಗಳ ಮಕ್ಕಳನ್ನು ಬೆಳೆಸಿವೆ.

ಅಮೆರಿಕದಲ್ಲಿರುವ ಮೊಮ್ಮಗನಿಗೆ ‘ಟ’ ಮತ್ತು ‘ತ’ ಒಂದೇ ಆಗಿ ಕೇಳಿಸುತ್ತದೆ. ವಾರಕ್ಕೊಮ್ಮೆ ವಿಡಿಯೊ ಕರೆ ಮಾಡುತ್ತೇವೆ, ಕನ್ನಡದ ಶಿಶುಗೀತೆಗಳನ್ನೂ ಹಾಕಿ ತೋರಿಸುತ್ತಾರಂತೆ. ಇದರಿಂದ ಕನ್ನಡ ಬಂದೀತೇ?
— ಅಜ್ಜ, ಅಜ್ಜಿ, ಮೈಸೂರು

ಆರು ತಿಂಗಳಲ್ಲಿ ಆ ಮಗುವಿಗೆ ‘ಟ’, ‘ತ’ಗಳ ಭೇದ ಬಹುಮಟ್ಟಿಗೆ ತಿಳಿಯುತ್ತಿದ್ದಿರಬೇಕು. ಕೆನಡದಲ್ಲಿ ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಆರಿಸಿಕೊಂಡದ್ದು ಹಿಂದಿಯ ಇದೇ ಎರಡು ಧ್ವನಿಗಳನ್ನು. ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಕೂಸುಗಳಲ್ಲಿ ಹೆಚ್ಚಿನವು ಇವನ್ನು ಬೇರೆಬೇರೆಯಾಗಿ ಕೇಳಿಸಿಕೊಂಡವು. ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಆ ಸಾಮರ್ಥ್ಯ ಬಹುತೇಕ ಇಳಿದುಹೋಗಿತ್ತು. ಹಿಂದಿ ಕೇಳಿ ಬೆಳೆಯುತ್ತಿದ್ದ ಕೂಸುಗಳಲ್ಲಿ ಅದು ಉಳಿದಿತ್ತು. ತನ್ನ ಸುತ್ತಲಿನ ಭಾಷೆಗೆ ಬೇಡವಾದ ಭೇದಗಳನ್ನು ಬದಿಗಿಡುವುದೂ ಆ ಭಾಷೆಯನ್ನು ಕಲಿಯುವ ಕೆಲಸದ ಒಂದು ಭಾಗ.

ಶಿಶುಗೀತೆಗಳ ವಿಡಿಯೊ ಮೇಲೆ ಭರವಸೆ ಇಡಬೇಡಿ. ಪ್ಯಾಟ್ರಿಷಿಯ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳ ಎರಡು ಗುಂಪುಗಳಿಗೆ ಚೀನದ ಮ್ಯಾಂಡರಿನ್ ಕೇಳಿಸಿದ ಅಧ್ಯಯನವನ್ನು ಪ್ರಕಟಿಸಿದರು. ಒಂದು ಗುಂಪಿನೊಡನೆ ಮ್ಯಾಂಡರಿನ್ ಆಡುವವರು ನೆಲದ ಮೇಲೆ ಕುಳಿತು ಆಟಿಕೆ, ಪುಸ್ತಕ ಹಿಡಿದು ಮಾತಾಡಿದರು. ಇನ್ನೊಂದು ಗುಂಪು ಅದೇ ಜನರ, ಅದೇ ಮಾತಿನ ಧ್ವನಿಮುದ್ರಿತ ವಿಡಿಯೊ ನೋಡಿತು. ಮೊದಲ ಗುಂಪು ಮ್ಯಾಂಡರಿನ್ ಧ್ವನಿಭೇದವನ್ನು ಕಲಿಯಿತು, ಎರಡನೆಯದು ಏನನ್ನೂ ಕಲಿಯಲಿಲ್ಲ. ನಿಮ್ಮ ವಾರದ ಕರೆ ಧ್ವನಿಮುದ್ರಣಕ್ಕಿಂತ ಮೇಲು, ಏಕೆಂದರೆ ಅಲ್ಲಿ ಮಗು ಹೇಳಿದ್ದಕ್ಕೆ ನೀವು ಮರುಮಾತು ಕೊಡುತ್ತೀರಿ. ಆದರೆ ವಾರಕ್ಕೊಂದು ಕರೆಯಿಂದ ಭಾಷೆ ಬರುವುದಿಲ್ಲ. ಮಗನೂ ಸೊಸೆಯೂ ದಿನವೂ ತಮ್ಮತಮ್ಮಲ್ಲಿ ಮತ್ತು ಮಗುವಿನೊಡನೆ ಕನ್ನಡ ಆಡಬೇಕು. ಮಗು ಇಂಗ್ಲಿಷಿನಲ್ಲಿ ಉತ್ತರಿಸಿದರೂ ಆಡುತ್ತಿರಲಿ. ಬಾಲ್ಯದಲ್ಲಿ ಸ್ಪ್ಯಾನಿಷ್ ಕೇಳಿಸಿಕೊಂಡಿದ್ದು, ಆಡದೆ ಬೆಳೆದ ಅಮೆರಿಕನ್ನರು ಕಾಲೇಜಿನಲ್ಲಿ ಅದನ್ನು ಕಲಿಯಹೊರಟಾಗ ಅವರ ಉಚ್ಚಾರಣೆ ಸಹಪಾಠಿಗಳಿಗಿಂತ ಬಹಳ ಚೆನ್ನಾಗಿತ್ತೆಂದು 2002ರ ಅಧ್ಯಯನವೊಂದು ತೋರಿಸಿದೆ. ‘ಟ’, ‘ತ’ಗಳಿಗೂ ಆ ಆಸೆ ಇಟ್ಟುಕೊಳ್ಳಬಹುದು.

‘ಪಾಲು’ ‘ಹಾಲು’ ಆದದ್ದು, ‘ಪುಲಿ’ ‘ಹುಲಿ’ ಆದದ್ದು ಮಕ್ಕಳ ತೊದಲು ಮಾತು ದೊಡ್ಡವರಲ್ಲಿ ಉಳಿದುಕೊಂಡದ್ದರಿಂದ ಎಂದು ಎಲ್ಲಿಯೋ ಓದಿದ್ದೆ. ಭಾಷೆಯನ್ನು ಬದಲಿಸುವವರು ಮಕ್ಕಳೇ?
— ನಿವೃತ್ತ ಕನ್ನಡ ಅಧ್ಯಾಪಕರು, ಹಾಸನ

ನೀವು ಕೊಟ್ಟ ಉದಾಹರಣೆಯೇ ಆ ವಾದವನ್ನು ಕೆಡಿಸುತ್ತದೆ. ಕೂಸುಗಳ ಬಾಯಲ್ಲಿ ಮೊತ್ತಮೊದಲು ನೆಲೆಯೂರುವ ವ್ಯಂಜನಗಳಲ್ಲಿ ತುಟಿಗಳಿಂದ ಹೊರಡುವ ‘ಪ’, ‘ಬ’, ‘ಮ’ ಧ್ವನಿಗಳು ಸೇರಿವೆ. ಮಕ್ಕಳು ‘ಕಾಗೆ’ಯನ್ನು ‘ತಾಗೆ’ ಎಂದಾರು, ‘ರ’ಕ್ಕೆ ‘ಲ’ ಅಂದಾರು, ಒತ್ತಕ್ಷರವನ್ನು ಬಿಡಿಸಿ ಹಗುರಮಾಡಿಯಾರು. ‘ಪ’ಕಾರವನ್ನು ಬಿಟ್ಟು ‘ಹ’ಕಾರ ಹಿಡಿಯುವುದು ಅವರ ರೂಢಿಯಲ್ಲ. ಕನ್ನಡದಲ್ಲಿ ಈ ಬದಲಾವಣೆ ಹತ್ತನೆಯ ಶತಮಾನದ ಸುಮಾರಿಗೆ ಕಾಣಿಸಿಕೊಂಡು, ಹಲವು ಶತಮಾನಗಳ ಕಾಲ ಪಕಾರ ಹಕಾರಗಳೆರಡೂ ಜೊತೆಯಲ್ಲಿ ಓಡಾಡಿ, ನಿಧಾನವಾಗಿ ನೆಲೆಗೊಂಡಿತು. ತಮಿಳು ಮತ್ತು ತೆಲುಗಿನಲ್ಲಿ ಇಂದಿಗೂ ‘ಪುಲಿ’ಯೇ, ತುಳುವಿನಲ್ಲಿ ‘ಪಿಲಿ’. ಅಲ್ಲಿನ ಮಕ್ಕಳು ನಮ್ಮ ಮಕ್ಕಳಿಗಿಂತ ಕಡಿಮೆ ತೊದಲಿದರು ಎಂದು ಯಾರೂ ಹೇಳಲಾರರು. ಹಳಗನ್ನಡದಲ್ಲಿದ್ದು ಈಗ ಬಿಟ್ಟುಹೋಗಿರುವ ‘ೞ’ಕಾರದ ಕಥೆಯೂ ಇಂಥದೇ: ಹದಿಮೂರನೆಯ ಶತಮಾನದಲ್ಲಿ ವ್ಯಾಕರಣಕಾರ ಕೇಶಿರಾಜ ‘ೞ’ಕಾರವಿರುವ ಪದಗಳನ್ನು ಪಟ್ಟಿಮಾಡಿ ಕೊಡಬೇಕಾಯಿತು. ಆಡುವವರ ಕಿವಿಗೆ ಭೇದ ಸ್ಪಷ್ಟವಾಗಿದ್ದಿದ್ದರೆ ಅಂಥ ಪಟ್ಟಿಯ ಅಗತ್ಯ ಬೀಳುತ್ತಿರಲಿಲ್ಲ.

ಪ್ರತಿ ತಲೆಮಾರೂ ಭಾಷೆಯನ್ನು ಹೊಸದಾಗಿ ಕಟ್ಟಿಕೊಳ್ಳುವುದರಿಂದ ಬದಲಾವಣೆಗೆ ಅಲ್ಲಿಯೇ ಎಡೆ ಎಂದು ಚಾಮ್‌ಸ್ಕಿಯ ಹಾದಿಯವರು ವಾದಿಸುತ್ತಾರೆ. ತರ್ಕ ಸರಿ, ಆದರೆ ‘ಬೀಳಿದೆ’ ಎನ್ನುವ ಮಕ್ಕಳು ಏಳೆಂಟು ವರ್ಷಕ್ಕೆ ‘ಬಿದ್ದೆ’ ಎನ್ನುತ್ತಾರೆ. ಉಳಿಯದ ತಪ್ಪಿನಿಂದ ಭಾಷೆ ಬದಲಾಗದು. ವಿಲಿಯಂ ಲಬೋವ್ 1963ರಲ್ಲಿ ಅಮೆರಿಕದ ಮಾರ್ಥಾಸ್ ವಿನ್ಯಾರ್ಡ್ ದ್ವೀಪದ ಬಗ್ಗೆ ಬರೆದ ಲೇಖನದಿಂದ ಮೊದಲುಗೊಂಡು, ನಡೆಯುತ್ತಿರುವ ಬದಲಾವಣೆಯನ್ನು ಜನರ ನಡುವೆಯೇ ಅಳೆಯುವ ದಾರಿ ತೆರೆಯಿತು. ಬೇಸಿಗೆಯ ಪ್ರವಾಸಿಗರಿಂದ ತಮ್ಮ ದ್ವೀಪ ಕೈತಪ್ಪುತ್ತಿದೆ ಎಂದು ಭಾವಿಸಿದವರಲ್ಲಿ, ಅದರಲ್ಲೂ ಮೀನುಗಾರರಲ್ಲಿ, ಕೆಲವು ಸ್ವರಗಳ ಸ್ಥಳೀಯ ಉಚ್ಚಾರಣೆ ಬಲಗೊಂಡಿತ್ತು. ಮಗು ಮೊದಲು ತಾಯಿಯ ಮಾತನ್ನು ಕಲಿಯುತ್ತದೆ, ಬಳಿಕ ಓರಗೆಯವರ ನಡುವೆ ಅದನ್ನು ತಿದ್ದಿಕೊಳ್ಳುತ್ತದೆ, ಹದಿಹರೆಯದಲ್ಲಿ ಆ ದಿಕ್ಕಿಗೇ ಇನ್ನೊಂದು ಹೆಜ್ಜೆ ಮುಂದಿಡುತ್ತದೆ ಎಂಬುದು ಲಬೋವ್ ಮುಂದೆ ಕೊಟ್ಟ ಚಿತ್ರ. ಆ ಪ್ರಕಾರ ಭಾಷೆಯನ್ನು ಸರಿಸುವವರು ತೊಟ್ಟಿಲಿನ ಕೂಸುಗಳಲ್ಲ, ಬಸ್ ನಿಲ್ದಾಣದಲ್ಲಿ ಗುಂಪು ನಿಂತಿರುವ ಹುಡುಗ ಹುಡುಗಿಯರು.

ದೊಡ್ಡವರೂ ಬದಲಿಸುತ್ತಾರೆ. ಸಾಂಗ್ಲಿ ಜಿಲ್ಲೆಯ ಕುಪ್ವಾಡದಲ್ಲಿ ಕನ್ನಡ, ಮರಾಠಿ, ಉರ್ದು ಆಡುವವರು ಶತಮಾನಗಳಿಂದ ಒಟ್ಟಿಗೆ ಬಾಳಿದ್ದಾರೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಭಾಷೆಗಳ ಪದಗಳು ಬೇರೆಯಾಗಿಯೇ ಉಳಿದು ವಾಕ್ಯರಚನೆ ಒಂದಕ್ಕೊಂದು ಅಚ್ಚೊತ್ತಿದಂತೆ ಹತ್ತಿರವಾಗಿತ್ತು. ನಾವು ‘ಇದು ನಮ್ಮ ಮನೆ’ ಎಂದು ಕ್ರಿಯಾಪದವಿಲ್ಲದೆ ನಿಲ್ಲಿಸುವಲ್ಲಿ ಅಲ್ಲಿನ ಕನ್ನಡಕ್ಕೆ ಮರಾಠಿಯಲ್ಲಿರುವಂತೆ ಕೊನೆಗೊಂದು ಕ್ರಿಯಾಪದ ಬೇಕು. ಇದು ದಿನವೂ ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವ ದೊಡ್ಡವರ ಕೆಲಸ.

ಮಕ್ಕಳದೇ ಕೈವಾಡ ಎಂದು ನಿಸ್ಸಂಶಯವಾಗಿ ಹೇಳಬಹುದಾದ ಪ್ರಸಂಗವೂ ಒಂದಿದೆ. ಮಧ್ಯ ಅಮೆರಿಕದ ನಿಕರಾಗುವದಲ್ಲಿ ಕಿವುಡ ಮಕ್ಕಳು ಒಬ್ಬರನ್ನೊಬ್ಬರು ಕಾಣದೆ, ತಂತಮ್ಮ ಮನೆಗಳಲ್ಲಿ ಒಂದಿಷ್ಟು ಕೈಸನ್ನೆಗಳೊಂದಿಗೆ ಬೆಳೆಯುತ್ತಿದ್ದರು. 1977ರಲ್ಲಿ ಮನಾಗುವದಲ್ಲಿ ವಿಶೇಷ ಶಾಲೆ ತೆರೆಯಿತು, 1979ರ ಕ್ರಾಂತಿಯ ಬಳಿಕ ಮಕ್ಕಳ ಸಂಖ್ಯೆ ಬೆಳೆಯಿತು. ಶಿಕ್ಷಕರು ಕಲಿಸಹೊರಟದ್ದು ತುಟಿಯ ಚಲನೆ ನೋಡಿ ಸ್ಪ್ಯಾನಿಷ್ ತಿಳಿಯುವುದನ್ನು. ಮಕ್ಕಳು ಆಟದ ಬಯಲಿನಲ್ಲಿ, ಶಾಲೆಯ ಬಸ್ಸಿನಲ್ಲಿ ತಮ್ಮ ಸನ್ನೆಗಳನ್ನು ಕೂಡಿಸಿ ಭಾಷೆಯೊಂದನ್ನು ಹುಟ್ಟಿಸಿದರು. ವಸ್ತುವೊಂದು ಉರುಳುತ್ತ ಇಳಿಯುವುದನ್ನು ಮೊದಲ ತಂಡದವರು ಒಂದೇ ಸನ್ನೆಯಲ್ಲಿ ತೋರಿಸುತ್ತಿದ್ದರೆ, ಬಳಿಕ ಬಂದ ಚಿಕ್ಕ ಮಕ್ಕಳು ‘ಉರುಳು’, ‘ಇಳಿ’ ಎಂದು ಎರಡಾಗಿ ಒಡೆದು ಸಾಲಾಗಿ ಜೋಡಿಸಿದರು ಎಂದು ಆ್ಯನ್ ಸೆಂಗಸ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದರು. ಭಾಷೆ ಇನ್ನೂ ಗಟ್ಟಿಯಾಗಿರದ ಕಡೆ ಮಕ್ಕಳಿಗೆ ಇಷ್ಟು ಶಕ್ತಿಯಿದೆ. ಸಾವಿರಾರು ವರ್ಷ ಆಡುತ್ತ ಬಂದ ಭಾಷೆಯಲ್ಲಿ ಅವರನ್ನು ಹಿಡಿದು ನಿಲ್ಲಿಸುವ ದೊಡ್ಡವರು ಬಹಳ ಮಂದಿ ಇರುತ್ತಾರೆ.

‘ಹಾಲು’ ಅಲ್ಲಿಗೇ ನಿಂತಿಲ್ಲವೆಂಬುದು ನಿಮಗೆ ತಿಳಿದೇ ಇದೆ. ಹಳೆ ಮೈಸೂರಿನ ಅನೇಕ ಹಳ್ಳಿಗಳಲ್ಲಿ ಅದು ‘ಆಲು’. ಹಕಾರ ಬಿಡುವವರನ್ನು ನಗುವ ಅಧ್ಯಾಪಕರು, ತಾವು ‘ಹಾಲು’ ಎಂದಾಗ ಪಂಪನ ಕಾಲದವರು ಏನೆಂದುಕೊಳ್ಳುತ್ತಿದ್ದರು ಎಂದು ಒಮ್ಮೆ ಯೋಚಿಸಬಹುದು.

ಎರಡೂವರೆ ವರ್ಷದ ಮಗ ಇನ್ನೂ ಎರಡು ಪದ ಕೂಡಿಸಿ ಮಾತಾಡುವುದಿಲ್ಲ. ‘ಗಂಡುಮಕ್ಕಳಿಗೆ ತಡ’ ಎನ್ನುತ್ತಾರೆ. ಕಾಯಬಹುದೇ?
— ಓದುಗರೊಬ್ಬರು, ಕಲಬುರಗಿ

ಕಾಯಬೇಡಿ. ಗಂಡುಮಕ್ಕಳು ಸರಾಸರಿಯಲ್ಲಿ ತುಸು ತಡವೆಂಬುದು ನಿಜವಾದರೂ ಆ ಅಂತರ ಚಿಕ್ಕದು. ಒಂದು ವರ್ಷಕ್ಕೆ ‘ಬಬಬ’ ಎಂಬಂಥ ತೊದಲು, ಹದಿನಾರು ತಿಂಗಳಿಗೆ ಬಿಡಿ ಪದ, ಎರಡು ವರ್ಷಕ್ಕೆ ತಾನಾಗಿಯೇ ಕೂಡಿಸಿದ ಎರಡು ಪದ ಕಾಣದಿದ್ದರೆ, ಅಥವಾ ಬಂದ ಮಾತು ಹಿಂದೆ ಸರಿದರೆ, ತಜ್ಞರಿಗೆ ತೋರಿಸಬೇಕು. ಮೊದಲು ಕಿವಿಯ ಪರೀಕ್ಷೆಯಾಗಲಿ. ಚಪ್ಪಾಳೆಗೆ ತಿರುಗಿ ನೋಡುವ ಮಗುವಿಗೂ ಕೆಲವು ಧ್ವನಿಗಳು ಕೇಳಿಸದಿರಬಹುದು. ನಿಮ್ಮ ಊರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗದಲ್ಲಿ ವಿಚಾರಿಸಿ. ಹೆಚ್ಚಿನ ಪರೀಕ್ಷೆ ಬೇಕಾದರೆ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಹೋಗುವಾಗ ಮಗು ಈಗ ಹೇಳುವ ಪದಗಳನ್ನೂ, ಹೇಳದೆ ಕೇವಲ ಅರ್ಥಮಾಡಿಕೊಳ್ಳುವ ಪದಗಳನ್ನೂ ಬೇರೆಬೇರೆಯಾಗಿ ಬರೆದುಕೊಂಡು ಹೋಗಿ. ತಜ್ಞರು ಮೊದಲು ಕೇಳುವುದು ಅದನ್ನೇ.